ಲೆದರ್ ಬಾಲ್ ಕ್ರಿಕೆಟ್: ಮಕ್ಕಳ ತಲೆ ಕಾಯುವ ಆರು ಹಂತಗಳು

ಟೆನಿಸ್ ಬಾಲ್ ಬಿಟ್ಟು ಮಗು ಲೆದರ್ ಬಾಲ್ ಹಿಡಿದರೆ, ಮೊದಲು ಯೋಚಿಸಬೇಕಾದದ್ದು ತಲೆಯ ಬಗ್ಗೆ. ಹೆಲ್ಮೆಟ್ ಕೊಡಿಸಿದರೆ ಅರ್ಧ ಕೆಲಸ ಮುಗಿದಂತೆ. ಏಟು ಬಿದ್ದಾಗ ಆಟ ಬಿಡಿಸುವುದು ಉಳಿದರ್ಧ.

ಹಂತ 1: ಆರಿಸಿ. ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡದನ್ನು ಕೊಳ್ಳಬೇಡಿ. ಒಳಗಿನ ಲೇಬಲ್‌ನಲ್ಲಿ ‘ಬಿಎಸ್ 7928:2013’ ಎಂಬ ಸುರಕ್ಷತಾ ಮಾನದಂಡದ ಗುರುತಿರಲಿ.

ಹಂತ 2: ತೊಡಿಸಿ ನೋಡಿ. ಗಲ್ಲದ ಪಟ್ಟಿ ಬಿಗಿದು, ತಲೆ ಜೋರಾಗಿ ಅಲ್ಲಾಡಿಸಲು ಹೇಳಿ, ಹೆಲ್ಮೆಟ್ ಜಾರಬಾರದು. ಮಗು ಆಡುವ ಚೆಂಡನ್ನೇ ಗ್ರಿಲ್‌ನ ಮೇಲಿನ ಸಂದಿಗೆ ಒತ್ತಿ ನೋಡಿ, ಒಳಗೆ ತೂರಬಾರದು. ನೆಕ್ ಗಾರ್ಡ್ ಕೂಡ ಇರಲಿ: 2014ರಲ್ಲಿ ಸಿಡ್ನಿಯಲ್ಲಿ ಬ್ಯಾಟರ್ ಫಿಲಿಪ್ ಹ್ಯೂಸ್ ಹೆಲ್ಮೆಟ್ ಧರಿಸಿದ್ದರೂ ಕತ್ತಿಗೆ ಚೆಂಡು ಬಡಿದು ತೀರಿಕೊಂಡರು.

ಹಂತ 3: ಫೀಲ್ಡಿಂಗ್‌ಗೂ ತೊಡಿಸಿ. ಸ್ಟಂಪ್ ಹತ್ತಿರ ಕೀಪಿಂಗ್ ಮಾಡುವಾಗ, ಶಾರ್ಟ್ ಲೆಗ್, ಸಿಲ್ಲಿ ಪಾಯಿಂಟ್‌ನಲ್ಲಿ ನಿಲ್ಲುವಾಗ ಹೆಲ್ಮೆಟ್ ಬೇಕೇ ಬೇಕು. ಕ್ರಿಕೆಟಿಗ ರಮಣ್ ಲಾಂಬಾ 1998ರಲ್ಲಿ ಢಾಕಾದಲ್ಲಿ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತು, ತಲೆಗೆ ಚೆಂಡು ಬಡಿದು ಜೀವ ಕಳೆದುಕೊಂಡರು.

ಹಂತ 4: ಏಟು ಬಿದ್ದರೆ ಹೊರಗೆ ಕರೆಯಿರಿ. ತಲೆಬುರುಡೆಯೊಳಗೆ ಮಿದುಳು ಅಲುಗಿದರೆ ಅದೇ ಕನ್‌ಕಷನ್. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ‘ಸ್ಕೋರ್ ಎಷ್ಟು? ಈಗ ಬೌಲ್ ಮಾಡಿದ್ದು ಯಾರು?’ ಎಂದು ಕೇಳಿ. ತಲೆನೋವು, ಮಂಕು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ ಇದ್ದರೆ ಆ ದಿನ ಮತ್ತೆ ಆಟ ಬೇಡ. ಲಕ್ಷಣ ತಡವಾಗಿಯೂ ಕಾಣಬಹುದು: 2019ರಲ್ಲಿ ಲಾರ್ಡ್ಸ್‌ನಲ್ಲಿ ಬೌಲರ್ ಆರ್ಚರ್ ಎಸೆದ ಚೆಂಡು ಕತ್ತಿಗೆ ಬಡಿದ ಮೇಲೂ ಸ್ಟೀವ್ ಸ್ಮಿತ್ ಮತ್ತೆ ಬ್ಯಾಟ್ ಮಾಡಿದರು, ಕನ್‌ಕಷನ್ ಗೊತ್ತಾದದ್ದು ಮರುದಿನ. ಹಾಗಾಗಿ ಮಗುವನ್ನು ಒಂಟಿಯಾಗಿ ಬಿಡದೆ ಗಮನಿಸುತ್ತಿರಿ, ವೈದ್ಯರಿಗೆ ತೋರಿಸಿ.

ಹಂತ 5: ಅಪಾಯ ಕಂಡರೆ 108. ಪದೇ ಪದೇ ವಾಂತಿ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ತೊದಲು ಮಾತು, ಕೈಕಾಲಲ್ಲಿ ಬಲವಿಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ತಡಮಾಡದೆ ಆಂಬ್ಯುಲೆನ್ಸ್ ಕರೆಸಿ. ಕತ್ತು ನೋವೆಂದರೆ ಎತ್ತಿ ಕೂರಿಸಬೇಡಿ, ಅಲುಗಾಡಿಸಬೇಡಿ.

ಹಂತ 6: ನಿಧಾನವಾಗಿ ಮೈದಾನಕ್ಕೆ. ಮೊದಲ ಒಂದೆರಡು ದಿನ ವಿಶ್ರಾಂತಿ. ಮೊಬೈಲ್, ಟಿವಿ ಕಡಿಮೆ. ಆಮೇಲೆ ನಡಿಗೆ, ಓಟ, ನೆಟ್ಸ್, ಕೊನೆಗೆ ಮ್ಯಾಚ್. ಪ್ರತಿ ಮೆಟ್ಟಿಲಿಗೂ ಕನಿಷ್ಠ ಒಂದು ದಿನ ಕೊಡಿ. ತಲೆನೋವು ಹೆಚ್ಚಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಪಾಠಕ್ಕೆ ಸರಾಗವಾಗಿ ಮರಳಿದ ಮೇಲೆ, ವೈದ್ಯರು ಒಪ್ಪಿದ ಮೇಲೆಯೇ ಮ್ಯಾಚ್. ಜೋರು ಏಟು ತಿಂದ ಹೆಲ್ಮೆಟ್ ಮತ್ತೆ ಬಳಸಬೇಡಿ.

ಕನ್‌ಕಷನ್ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಮಗು ಬಾಯಿಬಿಟ್ಟು ಹೇಳಿದರಷ್ಟೇ ಎಷ್ಟೋ ಸಲ ಗೊತ್ತಾಗುವುದು. ‘ತಲೆ ನೋಯ್ತಿದೆ ಸರ್’ ಎಂದರೆ ಟೀಮಿನಿಂದ ಕೈಬಿಡುವುದಿಲ್ಲ ಎಂಬ ಮಾತನ್ನು ಕೋಚ್ ಎಲ್ಲರೆದುರು, ಸೀಸನ್ ಶುರುವಾಗುವ ಮೊದಲೇ ಕೊಡಲಿ.