ಪಠ್ಯಕಡತಗಳಲ್ಲಿ ರೂಪ ಬದಲಾವಣೆ: ‘ಗದಗ’ – ‘ಗದುಗು’ ಒಂದು ನಿದರ್ಶನ

ಓಲೆಗರಿಗಳನ್ನು ಎದುರಿಗಿಟ್ಟುಕೊಂಡು ಪಾಠ ನಿರ್ಣಯಿಸುತ್ತಿದ್ದ ಗ್ರಂಥಸಂಪಾದಕನ ಮುಂದೆ ಇಂದು ಗಣಕಯಂತ್ರದ ಪಠ್ಯಕಡತಗಳಿವೆ. ನೂರಾರು ಕಡತಗಳಲ್ಲಿರುವ ಒಂದು ಪದರೂಪವನ್ನು ಒಂದೇ ಆದೇಶದಿಂದ ಬದಲಿಸಬಲ್ಲ ಸಾಧನಗಳಲ್ಲಿ ‘ಸೆಡ್’ ಮುಖ್ಯವಾದುದು. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮಹೋನ್ ರೂಪಿಸಿದ ಇದು ಕಡತವನ್ನು ಸಾಲುಸಾಲಾಗಿ ಓದಿ, ಸೂಚಿಸಿದ ಅಕ್ಷರಸರಣಿ ಕಂಡಲ್ಲಿ ಮತ್ತೊಂದನ್ನು ಇರಿಸುತ್ತದೆ. ಕನ್ನಡ ಪಠ್ಯದಲ್ಲಿ ಇದರಿಂದ ಉಂಟಾಗುವ ತೊಡಕುಗಳನ್ನು ಒಂದು ಊರ ಹೆಸರಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಮಾರವ್ಯಾಸನ ಅಂಕಿತದಲ್ಲಿರುವ ರೂಪ ‘ಗದುಗು’. ಇಂದಿನ ಆಡಳಿತದ ಬಳಕೆ ‘ಗದಗ’. ಕರ್ಣಾಟ ಭಾರತ ಕಥಾಮಂಜರಿಯನ್ನು ಕುರಿತ ಲೇಖನಗಳ ಕಡತಗಳಲ್ಲಿ ಎರಡೂ ಬೆರೆತಿವೆಯೆಂದೂ ಏಕರೂಪತೆಗಾಗಿ ‘ಗದಗ’ ಇದ್ದಲ್ಲೆಲ್ಲ ‘ಗದುಗು’ ಎಂದಾಗಿಸಬೇಕೆಂದೂ ಭಾವಿಸೋಣ. ಯಂತ್ರಕ್ಕೆ ಪ್ರಕೃತಿ-ಪ್ರತ್ಯಯಗಳ ವಿವೇಕವಿಲ್ಲ. ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಮತ್ತೊಂದು. ಆದುದರಿಂದ ‘ಗದಗಿನ’ ಎಂಬುದರೊಳಗೂ ‘ಗದಗ’ ಅಡಗಿದೆ. ಆದೇಶ ನಡೆದೊಡನೆ ಕೊನೆಯ ಗಕಾರಕ್ಕೆ ಉಕಾರ, ಇಕಾರಗಳೆರಡೂ ಹತ್ತಿ ಓದಲಾಗದ ರೂಪ ಹುಟ್ಟುತ್ತದೆ. ‘ಗದಗಕ್ಕೆ’ ಎಂಬುದು ‘ಗದುಗುಕ್ಕೆ’ ಆಗುತ್ತದೆ; ಬೇಕಾದುದು ‘ಗದುಗಿಗೆ’. ಹೀಗಾಗಿ ವಿಭಕ್ತಿರೂಪಗಳನ್ನು ಮೊದಲು ಒಂದೊಂದಾಗಿ ಬದಲಿಸಿ, ಬರಿಯ ರೂಪವನ್ನು ಕೊನೆಗೆ ಎತ್ತಿಕೊಳ್ಳಬೇಕು.

ಎರಡನೆಯ ತೊಡಕು ಕಣ್ಣಿಗೆ ಕಾಣದು. ‘ಲಕ್ಷ್ಮೇಶ್ವರ’ದ ಏಕಾರವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ತೆರೆಯ ಮೇಲೆ ಎರಡೂ ಒಂದೇ. ಸೆಡ್‌ಗೆ ಅವು ಬೇರೆ ಬೇರೆ. ಸಂಕೇತಗಳನ್ನು ಮೊದಲೇ ಏಕರೂಪಕ್ಕೆ ತರದಿದ್ದರೆ ಕೆಲವು ರೂಪಗಳು ಹಾಗೆಯೇ ಉಳಿದುಬಿಡುತ್ತವೆ.

ಆದರೆ ಕೆಟ್ಟುಹೋದ ರೂಪಕ್ಕಿಂತ ಸರಿಯಾಗಿ ಕಾಣುವ ಬದಲಾವಣೆಯೇ ಹೆಚ್ಚು ಅಪಾಯಕಾರಿ. ‘ಗದಗಿನ’, ‘ಗದುಗಿನ’ ಎರಡೂ ನಾಲ್ಕು ಮಾತ್ರೆಯವು. ಭಾಮಿನಿ ಷಟ್ಪದಿಯ ಪಾದದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಕುಳಿತರೆ ಛಂದಸ್ಸು ಅದನ್ನು ತೋರಿಸಿಕೊಡುವುದಿಲ್ಲ. ಲಿಪಿಕಾರನ ಸ್ಖಾಲಿತ್ಯ ಮತ್ತೊಂದು ಪ್ರತಿಯೊಡನೆ ಹೋಲಿಸಿದಾಗ ಸಿಕ್ಕಿಬೀಳುತ್ತದೆ. ಯಂತ್ರದ ತಪ್ಪು ಎಲ್ಲ ಕಡತಗಳಲ್ಲಿಯೂ ಸಮಾನವಾಗಿರುವುದರಿಂದ ಹೋಲಿಕೆಗೆ ಭಿನ್ನ ಪ್ರತಿಯೇ ಉಳಿಯುವುದಿಲ್ಲ. ಪಾಠಾಂತರ ಸದ್ದಿಲ್ಲದೆ ಅಳಿಯುತ್ತದೆ.

ಆದುದರಿಂದ ‘ಗ್ರೆಪ್’ ಆದೇಶದಿಂದ ಎಲ್ಲ ಪ್ರಯೋಗಗಳನ್ನೂ ಮೊದಲು ಪಟ್ಟಿಮಾಡಿ ಓದುವುದು, ಫಲಿತಾಂಶವನ್ನು ಪ್ರತ್ಯೇಕ ಕಡತದಲ್ಲಿ ಪಡೆಯುವುದು, ‘ಡಿಫ್’ ಮೂಲಕ ಮೂಲದೊಡನೆ ಸಾಲುಸಾಲಾಗಿ ಹೋಲಿಸುವುದು ಅವಶ್ಯ. ಮೂಲಕಡತವನ್ನು ಕಾಪಾಡಿ, ಬಳಸಿದ ಆದೇಶವನ್ನು ಸಂಪಾದಕೀಯ ಟಿಪ್ಪಣಿಯಲ್ಲಿ ನಮೂದಿಸಬೇಕು. ಸಂಪಾದಕನ ಸ್ವಂತ ಬರೆಹದಲ್ಲಿ ಏಕರೂಪತೆ ಗುಣ. ಪ್ರತಿಗಳ ಪಾಠದಲ್ಲಿ ಅದು ಸಾಕ್ಷ್ಯನಾಶ. ಈ ಗೆರೆಯನ್ನು ಯಂತ್ರ ಎಳೆಯಲಾರದು. ಅದು ಸಂಪಾದಕನ ಹೊಣೆ.