ಬೆಳೆಕಾವಲಿನ ಕೋವಿ: ಮಸಿ ತೆಗೆಯುವ ಸರಿಯಾದ ಕ್ರಮ

ಕೌದಳ್ಳಿ, ರಾಮಾಪುರ, ಮಾರ್ಟಳ್ಳಿ ಮುಂತಾದ ಕಾಡಂಚಿನ ಗ್ರಾಮಗಳಲ್ಲಿ ರಾಗಿ, ಮುಸುಕಿನ ಜೋಳ ಕಟಾವಿಗೆ ಬರುವ ವೇಳೆಗೆ ರಾತ್ರಿ ಕಾವಲು ಅನಿವಾರ್ಯ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿ ಇರುವ ರೈತರು ಅದನ್ನು ಶುಚಿಯಾಗಿಡುವ ಕಡೆಗೆ ಗಮನ ಕೊಡುವುದು ಕಡಿಮೆ. ಮಸಿ ಕಟ್ಟಿದ ಕೋವಿ ಬೇಕಾದಾಗ ಹಾರುವುದಿಲ್ಲ. ಹಾರಲಿಲ್ಲವೆಂದು ಕೈಗೆತ್ತಿಕೊಂಡು ನೋಡುವಾಗ ಹಾರಿಬಿಡುತ್ತದೆ. ಆದ್ದರಿಂದ ಈ ಕೆಲಸವನ್ನು ಕ್ರಮವರಿತು ಮಾಡಬೇಕು.

ಮಸಿ ಎಂದರೇನು?

ಕರಿಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು ಇರುತ್ತವೆ. ಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣಗಳಾಗಿಯೂ ನಳಿಗೆಯಲ್ಲಿ ಅಂಟುವ ಕಿಟ್ಟವಾಗಿಯೂ ಉಳಿಯುತ್ತದೆ. ಈ ಕಿಟ್ಟ ಬರೀ ಇದ್ದಿಲಿನ ಪುಡಿಯಲ್ಲ. ಬಹುಪಾಲು ಪೊಟ್ಯಾಸಿಯಂ ಲವಣಗಳು. ಇವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕು ಕಾಣಿಸಿಕೊಳ್ಳಬಹುದು.

ಕೇಪು ಕೂರಿಸುವ ತೊಟ್ಟಿನ ಸಣ್ಣ ತೂತು ಅತಿ ಮುಖ್ಯ. ಕೇಪಿನ ಕಿಡಿ ಒಳಹೋಗುವುದೂ, ಉರಿದ ಅನಿಲ ಸ್ವಲ್ಪ ಹಿಂದಿರುಗುವುದೂ ಅದರ ಮೂಲಕವೇ. ಅದು ಕಟ್ಟಿಕೊಂಡರೆ ಕೇಪು ಸಿಡಿದರೂ ಮದ್ದಿಗೆ ಬೆಂಕಿ ತಾಗದು. ಅನಿಲದ ಒತ್ತಡದಿಂದ ತಾನೇ ತೋಟಾ ತುಂಬಿಕೊಳ್ಳುವ ಸೈನಿಕರ ರೈಫಲುಗಳಲ್ಲಿಯೂ ನಳಿಗೆಯ ಪಕ್ಕದ ಅನಿಲದ ತೂತು ಮತ್ತು ಪಿಸ್ಟನ್ನಿಗೆ ಮಸಿ ಕಟ್ಟಿದರೆ ಕೆಲಸ ಕೆಡುವುದು ಹೀಗೆಯೇ.

ಲವಣ ಕರಗುವುದು ನೀರಿನಲ್ಲಿ. ಸೀಮೆಎಣ್ಣೆಯಿಂದಾಗಲಿ ಬರಿಯ ಎಣ್ಣೆಯಿಂದಾಗಲಿ ಒರೆಸಿದರೆ ನಳಿಗೆ ಹೊಳೆದರೂ ಲವಣ ಎಣ್ಣೆಯ ಕೆಳಗೆ ಉಳಿದು ತುಕ್ಕು ಹಿಡಿಸುತ್ತದೆ. ಮೊದಲು ನೀರು, ಆಮೇಲೆ ಎಣ್ಣೆ: ಇದೇ ಈ ಕೆಲಸದ ಮೂಲ ಸೂತ್ರ.

ಮೊದಲು ಖಾಲಿ ಎಂದು ಖಚಿತಪಡಿಸಿಕೊಳ್ಳಿ

ಮಕ್ಕಳನ್ನು ದೂರ ಕಳುಹಿಸಿ, ಕೋವಿಯ ಬಾಯನ್ನು ಜನ, ದನ ಇಲ್ಲದ ಕಡೆಗೆ ತಿರುಗಿಸಿ, ಕೇಪು ಇದ್ದರೆ ತೆಗೆಯಿರಿ. ಬಾಯಿಯ ಎದುರಿಗೆ ಮುಖ ತರದೆ ಗಜವನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಅಂಚಿಗೆ ಗುರುತು ಹಾಕಿ. ಗಜವನ್ನು ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಅದು ತೊಟ್ಟಿನ ಹತ್ತಿರದವರೆಗೆ ಬಾರದೆ ಮೇಲೆಯೇ ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಅಂಥ ಕೋವಿಯನ್ನು ಕೆದಕಬೇಡಿ. ಪರವಾನಗಿ ಪಡೆದ ಕೋವಿ ದುರಸ್ತಿಗಾರರಿಂದಲೇ ಖಾಲಿ ಮಾಡಿಸಿ.

ಶುಚಿ ಮಾಡುವ ಕ್ರಮ

ಹಾರಿಸಿದ ದಿನವೇ, ತಪ್ಪಿದರೆ ಮರುದಿನ ಬೆಳಿಗ್ಗೆ ಈ ಕೆಲಸ ಮುಗಿಸಬೇಕು.

1. ತೊಟ್ಟನ್ನು ತಕ್ಕ ಸ್ಪ್ಯಾನರಿನಿಂದ ಬಿಚ್ಚಿ ಬಿಸಿ ಸಾಬೂನಿನ ನೀರಿನಲ್ಲಿ ನೆನೆಸಿ. ಅದರ ತೂತನ್ನು ತೆಳು ತಾಮ್ರದ ತಂತಿಯಿಂದ ಬಿಡಿಸಿ. ಉಕ್ಕಿನ ಮೊಳೆ ಬಳಸಿದರೆ ತೂತು ಅಗಲವಾಗಿ ಅನಿಲ ಹಿಂದಕ್ಕೆ ಚಿಮ್ಮುತ್ತದೆ.

2. ನಳಿಗೆಯನ್ನು ಮರದಿಂದ ಕಳಚಲು ಬಂದರೆ ಕಳಚಿ, ತಳಭಾಗವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ. ಗಜದ ತುದಿಗೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ತೊಟ್ಟಿನ ತೂತಿನಿಂದ ನೀರು ಪಂಪಿನಂತೆ ಒಳಹೊರಗೆ ಹರಿಯುತ್ತದೆ. ಕೆಟ್ಟ ಮೊಟ್ಟೆಯ ವಾಸನೆಯ ಕಪ್ಪುನೀರು ಬರುತ್ತದೆ. ತಿಳಿಯಾಗುವವರೆಗೆ ನೀರು ಬದಲಿಸಿ. ನಳಿಗೆ ಕಳಚದಿದ್ದರೆ, ಮರಕ್ಕೆ ನೀರು ತಾಗದಂತೆ ಕೋವಿಯನ್ನು ಓರೆಯಾಗಿ ಹಿಡಿದು, ಬಾಯಿಯಿಂದ ಸುರಿದ ನೀರು ತೊಟ್ಟಿನ ತೂತಿನಿಂದ ಹೊರಹೋಗುವಂತೆ ತೊಳೆಯಿರಿ.

3. ಕೊನೆಗೆ ಕುದಿಯುವ ನೀರನ್ನು ಎಚ್ಚರದಿಂದ ಸುರಿಯಿರಿ. ಕಾದ ಕಬ್ಬಿಣ ಬೇಗ ಒಣಗುತ್ತದೆ. ಹಳೆಯ ಪಂಚೆಯ ಒಣ ತುಂಡುಗಳಿಂದ, ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ.

4. ನಳಿಗೆಯ ಒಳಹೊರಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ತೊಟ್ಟಿನ ಮರೆಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ ಬಿಗಿಮಾಡಿ.

5. ಮರುದಿನ ಒಣಬಟ್ಟೆ ಹಾಯಿಸಿ ನೋಡಿ. ಕಂದು ಬಣ್ಣ ಬಂದರೆ ಲವಣ ಉಳಿದಿದೆ, ಮತ್ತೆ ತೊಳೆಯಿರಿ. ಬೂದಿ, ಮರಳಿನಿಂದ ಉಜ್ಜಬೇಡಿ.

ಮುಂದಿನ ಸಾರಿ ತುಂಬುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಬೇಕು. ಇಲ್ಲವಾದರೆ ಮದ್ದು ನೆನೆದು ಹೋಗುತ್ತದೆ. ಕೇಪು ಸಿಡಿದೂ ಕೋವಿ ಹಾರದಿದ್ದರೆ ಬಾಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 2 ನಿಮಿಷ ಕಾಯಿರಿ. ಒಳಗೆ ಕಿಡಿ ನಿಧಾನವಾಗಿ ಹೊಗೆಯಾಡುತ್ತಿರಬಹುದು.

ತೋಟಾ ಕೋವಿಯಲ್ಲಿ ಹೊಗೆರಹಿತ ಮದ್ದಿನ ಮಸಿ ಮತ್ತು ಸೀಸ ಅಂಟಿರುತ್ತದೆ. ನಳಿಗೆ ಮಡಚಿ ಖಾಲಿ ಎಂದು ಕಣ್ಣಾರೆ ಕಂಡ ಮೇಲೆ, ಕೋವಿ ಶುಚಿಮಾಡುವ ದ್ರಾವಣ ಹಾಕಿ, ಕಂಚಿನ ಬ್ರಷ್ಷನ್ನು ಹಿಂಬದಿಯಿಂದ ಬಾಯಿಯ ಕಡೆಗೆ ಹಾಯಿಸಿ, ಒರೆಸಿ ಎಣ್ಣೆ ಸವರಿದರೆ ಸಾಕು.

ಕಾನೂನು ಮರೆಯಬೇಡಿ

ಕಾವೇರಿ ವನ್ಯಧಾಮ 1987ರಲ್ಲಿ, ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ವನ್ಯಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಅಪ್ಪಣೆಯಲ್ಲ. ಆನೆಯ ಮೇಲೆ ಚರೆ ಹಾರಿಸುವುದು ಅಪರಾಧ, ಗಾಯಗೊಂಡ ಆನೆ ಕಾವಲುಗಾರನ ಪ್ರಾಣಕ್ಕೂ ಅಪಾಯ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ; ಮುಗಿಯುವ ಮೊದಲೇ ನವೀಕರಿಸಿಕೊಳ್ಳಿ.

ಶುಚಿಯಾದ ಕೋವಿಯನ್ನು ಬೀಗದೊಳಗೆ, ಮದ್ದು ಮತ್ತು ಕೇಪುಗಳನ್ನು ಒಲೆಯಿಂದ ದೂರ ಬೇರೆ ಬೇರೆಯಾಗಿ ಇಡಬೇಕು. ಒಂದು ಬಕೆಟ್ ಬಿಸಿನೀರು, ಒಂದು ಗಂಟೆಯ ಶ್ರಮ. ಇಷ್ಟನ್ನು ಉಳಿಸಲು ಹೋಗಿ ಬೆಳೆಯನ್ನಾಗಲಿ, ಮನೆಯವರ ಪ್ರಾಣವನ್ನಾಗಲಿ ಕಳೆದುಕೊಳ್ಳಬಾರದು.