ಮುಖಕ್ಕೆ ಸೂಜಿ ಚಿಕಿತ್ಸೆ, ಅದಕ್ಕೂ ಮೊದಲು ಮರಗಟ್ಟಿಸುವ ಕ್ರೀಮ್: ಪಾರ್ಲರ್ ನಡೆಸುವವರೂ ಹೋಗುವವರೂ ತಿಳಿದಿರಬೇಕಾದದ್ದು



ಚೆನ್ನೈಗೆ ಬಂದು ನೆಲೆಸಿದ ನಮ್ಮ ಹೆಣ್ಣುಮಕ್ಕಳಲ್ಲಿ ಮನೆಯ ಒಂದು ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸಿ ಸಂಸಾರಕ್ಕೆ ಹೆಗಲು ಕೊಟ್ಟವರಿದ್ದಾರೆ. ಐಬ್ರೋ, ವ್ಯಾಕ್ಸಿಂಗ್, ಫೇಶಿಯಲ್ ಜತೆಗೆ ಈಗ ಗಿರಾಕಿಗಳು "ಡರ್ಮಾಪೆನ್ ಮಾಡ್ತೀರಾ?" ಎಂದೂ ಕೇಳುತ್ತಾರೆ. "ಎರಡು ದಿನದ ತರಬೇತಿ, ಸರ್ಟಿಫಿಕೇಟ್, ಜತೆಗೆ ಕ್ರೀಮ್ ಉಚಿತ" ಎಂಬ ಜಾಹೀರಾತು ಕಂಡಾಗ ಸೇರಿಬಿಡೋಣ ಅನಿಸುವುದು ಸಹಜ. ಸೇರುವ ಮುನ್ನ ಇದನ್ನು ಓದಿ. ಮಗಳ ಮದುವೆಗೆ ಮುಂಚೆ ಮೊಡವೆ ಗುಳಿ ಹೋಗಲಿ ಎಂದು ಪಾರ್ಲರ್ ಹುಡುಕುತ್ತಿರುವ ಅಮ್ಮಂದಿರೂ ಓದಿ.

*ಸೂಜಿ ಏನು ಮಾಡುತ್ತದೆ?*

ಡರ್ಮಾರೋಲರ್ ಆಗಲಿ, ಡರ್ಮಾಪೆನ್ ಆಗಲಿ, ಕೆಲಸ ಒಂದೇ. ಸಣ್ಣ ಸೂಜಿಗಳು ಚರ್ಮದಲ್ಲಿ ನೂರಾರು ತೂತು ಮಾಡುತ್ತವೆ. ದೇಹ ಆ ಗಾಯ ಮಾಯಿಸಿಕೊಳ್ಳಲು ಹೊಸ ಕೊಲಾಜನ್ ಕಟ್ಟುತ್ತದೆ, ಅದರಿಂದ ಗುಳಿ ಕ್ರಮೇಣ ತುಂಬುತ್ತದೆ. ಮುಖದ ಹೊರಪದರದ ದಪ್ಪ ಸುಮಾರು 0.1 ಮಿ.ಮೀ. ಮಾತ್ರ. 0.2ರಿಂದ 0.3 ಮಿ.ಮೀ. ಸೂಜಿ ಮೇಲುಮೇಲೆ ಕೆಲಸ ಮಾಡುತ್ತದೆ, ಅದಕ್ಕೆ ಸಾಮಾನ್ಯವಾಗಿ ಕ್ರೀಮ್ ಬೇಕಾಗುವುದಿಲ್ಲ. ಮೊಡವೆ ಗುಳಿಗೆ ಬಳಸುವ 1ರಿಂದ 1.5 ಮಿ.ಮೀ. ಸೂಜಿ ಒಳಪದರಕ್ಕೆ ಇಳಿಯುತ್ತದೆ. ರಕ್ತದ ಚುಕ್ಕೆಗಳು ಕಾಣುತ್ತವೆ, ನೋವಾಗುತ್ತದೆ. ಮರಗಟ್ಟಿಸುವ ಕ್ರೀಮ್ ಬೇಕಾಗುವುದು ಇಲ್ಲಿಯೇ. ಕ್ರೀಮ್ ಇಲ್ಲದೆ ಮಾಡಲಾಗದಷ್ಟು ಆಳಕ್ಕೆ ಸೂಜಿ ಇಳಿಯುತ್ತದೆ ಎಂದರೆ ಅದು ಫೇಶಿಯಲ್ ಅಲ್ಲ, ವೈದ್ಯರು ಮಾಡಬೇಕಾದ ಚಿಕಿತ್ಸೆ.

*ಕ್ರೀಮ್‌ನಲ್ಲಿ ಏನಿದೆ?*

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಲಿಗ್ನೊಕೇನ್ 2.5% ಮತ್ತು ಪ್ರಿಲೊಕೇನ್ 2.5% ಸೇರಿದ ಕ್ರೀಮ್. ಲಿಗ್ನೊಕೇನ್‌ಗೇ ಲಿಡೊಕೇನ್ ಎಂಬ ಹೆಸರೂ ಇದೆ. ಟೆಟ್ರಕೇನ್ ಸೇರಿದ, ಇನ್ನೂ ಕಡಕ್ಕಾದ ಕ್ರೀಮ್‌ಗಳೂ ಇವೆ. ಇವೆಲ್ಲ ಔಷಧಗಳು, ಸೌಂದರ್ಯ ಸಾಮಗ್ರಿಗಳಲ್ಲ. ನರದ ಸಂದೇಶವನ್ನು ತಡೆಯುವುದು ಇವುಗಳ ಕೆಲಸ. ರಕ್ತಕ್ಕೆ ಹೆಚ್ಚು ಸೇರಿದರೆ ಮಿದುಳು ಮತ್ತು ಹೃದಯದ ಮೇಲೂ ಅದೇ ಕೆಲಸ ಮಾಡುತ್ತವೆ.

ಒಂದು ಲೆಕ್ಕ ನೋಡಿ. ಚುಚ್ಚುಮದ್ದಾಗಿ ಲಿಗ್ನೊಕೇನ್ ಕೊಡುವಾಗ ವೈದ್ಯರು ಪಾಲಿಸುವ ಮಿತಿ, ದೇಹತೂಕದ ಪ್ರತಿ ಕಿಲೋಗೆ ಸುಮಾರು 4.5 ಮಿ.ಗ್ರಾಂ. 50 ಕಿಲೋ ತೂಕದ ಹುಡುಗಿಗೆ ಅದು 225 ಮಿ.ಗ್ರಾಂ. 10% ಎಂದು ಬರೆದ 30 ಗ್ರಾಂ ಟ್ಯೂಬ್ ಒಂದರಲ್ಲಿರುವುದು 3000 ಮಿ.ಗ್ರಾಂ! ಆರೋಗ್ಯವಂತ ಚರ್ಮ ಅದರಲ್ಲಿ ಸ್ವಲ್ಪವನ್ನಷ್ಟೇ ಒಳಗೆ ಬಿಡುತ್ತದೆ. ನಮ್ಮನ್ನು ಕಾಯುತ್ತಿರುವುದು ಆ ಚರ್ಮದ ಬೇಲಿ. ಸೂಜಿ ಮಾಡುವುದು ಆ ಬೇಲಿಯಲ್ಲೇ ತೂತು. ಆದ್ದರಿಂದ ಕ್ರೀಮ್ ಬೇರೆ, ಸೂಜಿ ಬೇರೆ ಎಂದು ಯೋಚಿಸಬೇಡಿ.

*ನಡೆದದ್ದು*

ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರ್‌ನಿಂದ ಕೂದಲು ತೆಗೆಸುವ ಮುನ್ನ ಕಾಲಿಗೆಲ್ಲ ಕಡಕ್ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರು. ಇಬ್ಬರೂ ಫಿಟ್ಸ್ ಬಂದು ಕೋಮಾಗೆ ಜಾರಿ ತೀರಿಕೊಂಡರು. ಅಲ್ಲಿನ ಔಷಧ ಇಲಾಖೆ ಎಫ್‌ಡಿಎ 2007ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಚೀಟಿ ಇಲ್ಲದೆ ಮಾರುವ, 4%ಗಿಂತ ಹೆಚ್ಚು ಲಿಡೊಕೇನ್ ಇರುವ ಕ್ರೀಮ್ ಬಳಸಬೇಡಿ ಎಂದು 2024ರ ಮಾರ್ಚ್‌ನಲ್ಲಿ ಮತ್ತೆ ಹೇಳಿತು.

ನಮ್ಮ ಚೆನ್ನೈನಲ್ಲೇ 2016ರಲ್ಲಿ ನುಂಗಂಬಾಕ್ಕಂನ ಒಂದು ಕೇಂದ್ರದಲ್ಲಿ ತಲೆಗೆ ಕೂದಲು ನಾಟಿ ಮಾಡಿಸಿಕೊಂಡ 22 ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಆರೋಗ್ಯ ಕೆಟ್ಟು ತೀರಿಕೊಂಡ. ಆ ಕೇಂದ್ರಕ್ಕೆ ಇದ್ದದ್ದು ಸಲೂನ್ ಪರವಾನಗಿ ಮಾತ್ರ ಎಂಬುದು ಆಮೇಲೆ ಹೊರಬಂತು. ಚಿಕಿತ್ಸೆ ಬೇರೆಯದು, ಪಾಠ ಒಂದೇ: ಅರಿವಳಿಕೆ ಬಳಸುವ ಜಾಗದಲ್ಲಿ ಅದರ ತೊಂದರೆಯನ್ನು ನಿಭಾಯಿಸುವವರೂ ಇರಬೇಕು.

*ಕ್ರೀಮ್ ಆರಿಸುವಾಗ*

✅ ಟ್ಯೂಬ್ ಮೇಲೆ ಔಷಧದ ಹೆಸರು, ಶೇಕಡಾವಾರು ಪ್ರಮಾಣ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್, ಎಕ್ಸ್‌ಪೈರಿ ಇರಲೇಬೇಕು. ಇವು ಇಲ್ಲದ ಆನ್‌ಲೈನ್ ಟ್ಯೂಬ್, ಡಬ್ಬಿಯಿಂದ ತೋಡಿ ಕೊಡುವ ಕ್ರೀಮ್ ಬೇಡ.
✅ "ಜಾಸ್ತಿ ಪರ್ಸೆಂಟ್ ಇದ್ದರೆ ಒಳ್ಳೆಯದು" ಎಂಬುದು ತಪ್ಪು. ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ವೈದ್ಯರೇ ಹೇಳಲಿ.
✅ ಬೇಕಾದಷ್ಟೇ ಜಾಗಕ್ಕೆ ಹಚ್ಚಿ. ಎರಡು ಬ್ರ್ಯಾಂಡ್ ಬೆರೆಸಬೇಡಿ. ನಿಮ್ಮಷ್ಟಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿ ತಾಗಿಸಬೇಡಿ. ಎರಡೂ ಔಷಧವನ್ನು ಬೇಗ ಒಳಗೆಳೆಯುತ್ತವೆ.
✅ ಸೂಜಿ ಮುಟ್ಟಿಸುವ ಮುನ್ನ ಕ್ರೀಮನ್ನು ಪೂರ್ತಿ ಒರೆಸಿ ಶುಚಿಮಾಡಬೇಕು. ಸೂಜಿ ಆಡಿಸಿದ ಚರ್ಮಕ್ಕೆ "ಇನ್ನೂ ನೋವಿದೆ" ಎಂದು ಮತ್ತೆ ಹಚ್ಚಲೇಬಾರದು.
✅ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಕಣ್ಣೂ ಮರಗಟ್ಟಿದರೆ ಗಾಯವಾದದ್ದು ಗೊತ್ತಾಗುವುದಿಲ್ಲ.
✅ ಪ್ಯಾಚ್ ಟೆಸ್ಟ್ ಹೇಳುವುದು ಅಲರ್ಜಿ ಇದೆಯೇ ಎಂದಷ್ಟೇ. ಹೆಚ್ಚಾದ ಪ್ರಮಾಣದಿಂದ ಅದು ಕಾಪಾಡುವುದಿಲ್ಲ.

*ತರಬೇತಿಗೆ ದುಡ್ಡು ಕಟ್ಟುವ ಮುನ್ನ*

ಚರ್ಮವೈದ್ಯರು ಎಂಬಿಬಿಎಸ್ ಮುಗಿಸಿ, ಎಂ.ಡಿ.ಗೆ ಮತ್ತೆ 3 ವರ್ಷ ಓದುತ್ತಾರೆ. ಐಟಿಐ ಕಾಸ್ಮೆಟಾಲಜಿ ಕೋರ್ಸ್ 1 ವರ್ಷದ್ದು. ಎರಡಕ್ಕೂ ಅದರದರ ಬೆಲೆ ಇದೆ, ಆದರೆ ಎರಡು ದಿನದ ಸರ್ಟಿಫಿಕೇಟ್ ಈ ಎರಡರ ಜಾಗಕ್ಕೂ ಬರಲಾರದು. ತರಬೇತಿ ಕೊಡುವವರನ್ನು ಹೀಗೆ ಕೇಳಿ:

1. ಕಲಿಸುವವರು ನೋಂದಾಯಿತ ವೈದ್ಯರೇ?
2. ಯಂತ್ರ ಮಾರುವವರೇ ಪಾಠವನ್ನೂ ಮಾಡುತ್ತಾರೆಯೇ?
3. ಯಾರಿಗೆ ಮಾಡಬಾರದು ಎಂಬುದನ್ನು ಎಷ್ಟು ಹೊತ್ತು ಕಲಿಸುತ್ತಾರೆ?
4. ಗಿರಾಕಿ ಕುಸಿದುಬಿದ್ದರೆ ಏನು ಮಾಡಬೇಕೆಂದು ಅಭ್ಯಾಸ ಮಾಡಿಸುತ್ತಾರೆಯೇ?
5. ಸೂಜಿಯ ಶುಚಿತ್ವ ಕಲಿಸುತ್ತಾರೆಯೇ?

ಕೊನೆಯ ಪ್ರಶ್ನೆ ಚಿಕ್ಕದಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ ಸೂಜಿ ಮತ್ತು ರಕ್ತದ ಅಂಶ ಬಳಸಿ ಮಾಡಿದ ಫೇಶಿಯಲ್‌ನಿಂದ ಮಹಿಳೆಯರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ರೋಲರನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಬಳಸುವುದು ಅಪರಾಧವೇ ಸರಿ. ಒಬ್ಬರಿಗೆ ಒಂದೇ ಹೊಸ ಸೂಜಿ, ಅವರ ಕಣ್ಣೆದುರೇ ಪ್ಯಾಕೆಟ್ ಒಡೆಯಬೇಕು. ಬಳಸಿದ್ದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಿ ವೈದ್ಯಕೀಯ ತ್ಯಾಜ್ಯವಾಗಿ ಸಾಗಿಸಬೇಕು.

*ಯಾರಿಗೆ ಬೇಡ?*

ಕೀವು ತುಂಬಿದ ಮೊಡವೆ ಅಥವಾ ತುಟಿಯಂಚಿನಲ್ಲಿ ನೀರುಗುಳ್ಳೆ ಇದ್ದವರು, ಗಾಯವಾದಲ್ಲಿ ದಪ್ಪ ಗಂಟುಕಲೆ ಬೆಳೆಯುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಹೃದಯ ಅಥವಾ ಲಿವರ್ ತೊಂದರೆ, ಜಿ6ಪಿಡಿ ಕೊರತೆ ಇದ್ದರೆ ಕ್ರೀಮೇ ಅಪಾಯ. ನಮ್ಮ ಗೋಧಿಬಣ್ಣ, ಎಣ್ಣೆಗೆಂಪು ಚರ್ಮದಲ್ಲಿ ಗಾಯವಾದ ಕಡೆ ಕಪ್ಪು ಕಲೆ ಉಳಿಯುವುದು ಹೆಚ್ಚು. ಚೆನ್ನೈ ಬಿಸಿಲಲ್ಲಂತೂ ಇನ್ನೂ ಹೆಚ್ಚು.

*ಈ ಲಕ್ಷಣ ಕಂಡರೆ ಕಾಯಬೇಡಿ* 🚨

ಬಾಯಿ ಸುತ್ತ ಜುಮುಜುಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ತೊದಲು, ಮೈ ಅದುರುವುದು: ಇವು ಲಿಗ್ನೊಕೇನ್ ಹೆಚ್ಚಾದ ಸೂಚನೆ. ತುಟಿ, ಉಗುರು ನೀಲಿಯಾಗಿ ಉಸಿರು ಕಟ್ಟಿದಂತಾದರೆ ಪ್ರಿಲೊಕೇನ್‌ನಿಂದ ರಕ್ತವು ಆಮ್ಲಜನಕ ಒದಗಿಸಲಾಗದ ಸ್ಥಿತಿಗೆ ಬಂದಿರಬಹುದು. ಆಗ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಂಬಿ ಕೂರಬೇಡಿ. ಕ್ರೀಮ್ ಒರೆಸಿ, ಮಲಗಿಸಿ, 108ಕ್ಕೆ ಕರೆ ಮಾಡಿ. ಟ್ಯೂಬನ್ನು ಆಸ್ಪತ್ರೆಗೆ ಜತೆಗೇ ಒಯ್ಯಿರಿ.

ತಮಿಳು ಬಾರದವರು ಇಷ್ಟು ಹೇಳಿದರೆ ಸಾಕು: "ಉದಡು ನೀಲಮಾ ಇರುಕ್ಕು" (ತುಟಿ ನೀಲಿಯಾಗಿದೆ), "ಮೂಚ್ಚು ವಿಡ ಮುಡಿಯಲೆ" (ಉಸಿರಾಡಲು ಆಗುತ್ತಿಲ್ಲ), "ಮಯಕ್ಕಂ ವರುದು" (ತಲೆಸುತ್ತು ಬರುತ್ತಿದೆ).

*ಹಾಗಾದರೆ ಏನು ಮಾಡಬೇಕು?*

ಗುಳಿ ಹೋಗಬೇಕೆನ್ನುವವರು ಮೊದಲು ಚರ್ಮವೈದ್ಯರಿಗೆ ತೋರಿಸಿ. ಖಾಸಗಿ ಖರ್ಚು ಭಾರವಾದರೆ ಸೆಂಟ್ರಲ್ ಸ್ಟೇಷನ್ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯಲ್ಲಿ, ಸ್ಟಾನ್ಲಿ ಆಸ್ಪತ್ರೆಯಲ್ಲಿ ಚರ್ಮ ವಿಭಾಗಗಳಿವೆ. ಕ್ಲಿನಿಕ್‌ಗೆ ಹೋದರೆ ವೈದ್ಯರ ನೋಂದಣಿ ಸಂಖ್ಯೆ ಕೇಳಿ. ತಮಿಳುನಾಡಿನಲ್ಲಿ ಕ್ಲಿನಿಕ್‌ಗಳು ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಪತ್ರವನ್ನೂ ನೋಡಿ.

ಪಾರ್ಲರ್ ನಡೆಸುವ ಅಕ್ಕ ತಂಗಿಯರೇ, ನಿಮ್ಮ ಕೈಗುಣ ನಂಬಿ ಬರುವವರಿಗೆ "ಇದು ನಮ್ಮಲ್ಲಿ ಮಾಡಲ್ಲ, ಡಾಕ್ಟರ್ ಹತ್ತಿರ ಹೋಗಿ" ಎಂದರೆ ಆ ದಿನದ ಒಂದಿಷ್ಟು ಸಂಪಾದನೆ ಹೋಗಬಹುದು. ಗಿರಾಕಿ ಹೋಗುವುದಿಲ್ಲ. ನಿಜ ಹೇಳಿದವರ ಬಳಿಗೇ ಅವರು ಫೇಶಿಯಲ್‌ಗೂ ಮದುವೆ ಮೇಕಪ್‌ಗೂ ಮರಳಿ ಬರುತ್ತಾರೆ.

ನಿಮ್ಮ ಪರಿಚಯದ ಪಾರ್ಲರ್‌ನವರಿಗೂ, ಮದುವೆ ತಯಾರಿಯಲ್ಲಿರುವ ಮನೆಗಳಿಗೂ ಇದನ್ನು ತಪ್ಪದೆ ಕಳುಹಿಸಿ. 🙏